ಆಕರಗಳ ರೇಖಾವಿನ್ಯಾಸ ಮತ್ತು ಸರಳ ತಂತ್ರಾಂಶಗಳು: ಮಸ್ಕಿ, ಲಿಂಗಸುಗೂರು, ಸಿಂಧನೂರು ಪರಿಸರದ ನಿದರ್ಶನದೊಡನೆ

ಜೈನ ಶಾಸ್ತ್ರಪರಂಪರೆಯಲ್ಲಿ ವಿಷಯವನ್ನು ಶಬ್ದದಿಂದ ಮಾತ್ರವಲ್ಲದೆ ಆಕೃತಿಯಿಂದಲೂ ನಿರೂಪಿಸುವ ಪದ್ಧತಿ ಬಹು ಪ್ರಾಚೀನವಾದುದು. ಲೋಕಾಕಾಶದ ಹದಿನಾಲ್ಕು ರಜ್ಜುಗಳ ಉತ್ಸೇಧ, ಜಂಬೂದ್ವೀಪದ ಕ್ಷೇತ್ರ-ಕುಲಾಚಲಗಳ ಕ್ರಮ, ಸಮವಸರಣದ ದ್ವಾದಶ ಕೋಷ್ಠಗಳು, ಸಿದ್ಧಚಕ್ರಯಂತ್ರದ ದಳಗಳು ಇವೆಲ್ಲವೂ ವಿಷಯಗಳ ಪರಸ್ಪರ ಸಂಬಂಧವನ್ನು ಸ್ಥಾನದ ಮೂಲಕ ಮನಗಾಣಿಸುವ ರಚನೆಗಳೇ ಆಗಿವೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿಯು ರಚಿಸಿದ ಕನ್ನಡ ವೃತ್ತಿಯಲ್ಲಿ ಸಂದೃಷ್ಟಿಗಳಿಗೆ ಪ್ರಮುಖ ಸ್ಥಾನವಿದೆ. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಅರ್ಥಸಂದೃಷ್ಟಿಯೆಂಬ ಪ್ರತ್ಯೇಕ ಅಧಿಕಾರವನ್ನೇ ಬರೆದರು. ಬಹುಸಂಖ್ಯೆಯ ಭೇದಪ್ರಭೇದಗಳನ್ನು ಕೇವಲ ವಾಕ್ಯಗಳಿಂದ ಹೇಳಿದರೆ ಓದುಗನ ಬುದ್ಧಿಯಲ್ಲಿ ಅವು ನಿಲ್ಲಲಾರವೆಂಬ ಅರಿವು ಆ ಆಚಾರ್ಯರಿಗೆ ಇದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂದು ಹಸ್ತಪ್ರತಿ ಹಾಗೂ ಶಾಸನಗಳ ಅಧ್ಯಯನದಲ್ಲಿ ತೊಡಗಿರುವವರ ಮುಂದೆಯೂ ಇದೇ ಸಮಸ್ಯೆ ಬೇರೊಂದು ರೂಪದಲ್ಲಿ ನಿಂತಿದೆ. ಚೀಟಿಗಳಲ್ಲಿ ಬರೆದಿಟ್ಟ ನೂರಾರು ಟಿಪ್ಪಣಿಗಳು, ಪ್ರತಿಗಳ ವಿವರ, ಪಾಠಾಂತರಗಳು, ಸ್ಥಳನಾಮಗಳು, ಕಾಲನಿರ್ದೇಶಗಳು ಇವುಗಳನ್ನು ಒಂದೇ ನೋಟಕ್ಕೆ ಕಾಣುವಂತೆ ಹೊಂದಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ಗಣಕಯಂತ್ರದ ತಂತ್ರಾಂಶಗಳು ಈಗ ಹೇರಳವಾಗಿ ದೊರೆಯುತ್ತಿವೆ. ಆದರೆ ಯಾವುದನ್ನು ಆರಿಸಿಕೊಳ್ಳಬೇಕು, ಅದರಿಂದ ಏನನ್ನು ನಿರೀಕ್ಷಿಸಬಹುದು, ಯಾವುದನ್ನು ನಿರೀಕ್ಷಿಸಬಾರದು ಎಂಬ ವಿವೇಚನೆ ವಿರಳವಾಗಿದೆ. ತಂತ್ರಾಂಶದ ಆಯ್ಕೆಯು ವಿಷಯದ ಆಕೃತಿಯನ್ನು ಅನುಸರಿಸಬೇಕೇ ಹೊರತು ಆಕೃತಿಯು ತಂತ್ರಾಂಶವನ್ನು ಅನುಸರಿಸಬಾರದೆಂಬ ಅಂಶವನ್ನು ಇಲ್ಲಿ ನಿದರ್ಶನಪೂರ್ವಕವಾಗಿ ವಿವರಿಸಲಾಗಿದೆ.

1. ವೃಕ್ಷ, ಕೋಷ್ಟಕ, ಜಾಲ

ವಿಷಯಗಳನ್ನು ರೇಖೆಗಳಿಂದ ಹೊಂದಿಸುವ ಬಗೆಗಳು ಮುಖ್ಯವಾಗಿ ಮೂರು. ಒಂದು ಮೂಲದಿಂದ ಶಾಖೋಪಶಾಖೆಗಳಾಗಿ ಹರಡುವುದು ವೃಕ್ಷ. ಎರಡು ದಿಕ್ಕುಗಳಿಂದ ವಿಂಗಡಿಸಿದ ಮನೆಗಳ ಸಾಲು ಕೋಷ್ಟಕ. ಯಾವ ಬಿಂದುವಿನಿಂದ ಯಾವ ಬಿಂದುವಿಗಾದರೂ ಸಂಬಂಧವನ್ನು ಎಳೆಯಬಹುದಾದುದು ಜಾಲ.

ಕರ್ಮಪ್ರಕೃತಿಗಳ ವಿಭಾಗವು ವೃಕ್ಷಕ್ಕೆ ಉತ್ತಮ ಉದಾಹರಣೆ. ಮೂಲಪ್ರಕೃತಿಗಳು ಎಂಟು. ಜ್ಞಾನಾವರಣೀಯ 5, ದರ್ಶನಾವರಣೀಯ 9, ವೇದನೀಯ 2, ಮೋಹನೀಯ 28, ಆಯು 4, ನಾಮ 93, ಗೋತ್ರ 2, ಅಂತರಾಯ 5, ಹೀಗೆ ಉತ್ತರಪ್ರಕೃತಿಗಳು ಒಟ್ಟು 148. ಪ್ರತಿಯೊಂದು ಉತ್ತರಪ್ರಕೃತಿಯೂ ಒಂದೇ ಮೂಲಪ್ರಕೃತಿಗೆ ಸೇರಿದುದರಿಂದ ವೃಕ್ಷರೂಪದಲ್ಲಿ ಇಲ್ಲಿ ಯಾವ ತೊಡಕೂ ಉಂಟಾಗುವುದಿಲ್ಲ.

ಆದರೆ ಗುಣಸ್ಥಾನಗಳಲ್ಲಿ ಬಂಧವನ್ನು ಹೇಳಬೇಕಾದಾಗ ವೃಕ್ಷವು ನಿರುಪಯುಕ್ತವಾಗುತ್ತದೆ. ಬಂಧಯೋಗ್ಯವಾದ 120 ಪ್ರಕೃತಿಗಳಲ್ಲಿ ಮಿಥ್ಯಾತ್ವದಲ್ಲಿ 117, ಸಾಸಾದನದಲ್ಲಿ 101, ಮಿಶ್ರದಲ್ಲಿ 74 ಬಂಧವಾಗುತ್ತವೆ. ಅಸಂಯತ ಸಮ್ಯಗ್ದೃಷ್ಟಿಯಲ್ಲಿ ಈ ಸಂಖ್ಯೆ ಇಳಿಯದೆ 77ಕ್ಕೆ ಏರುತ್ತದೆ. ತೀರ್ಥಂಕರಪ್ರಕೃತಿಯೂ ಮನುಷ್ಯಾಯು ಮತ್ತು ದೇವಾಯುಗಳೂ ಅಲ್ಲಿ ಸೇರುವುದೇ ಇದಕ್ಕೆ ಕಾರಣ. ಒಂದೇ ಪ್ರಕೃತಿ ಒಂದು ಸ್ಥಾನದಲ್ಲಿ ಬಿಟ್ಟು ಮತ್ತೊಂದರಲ್ಲಿ ಮರಳಿ ಬರುವ ಈ ಸ್ಥಿತಿಯನ್ನು ಕೋಷ್ಟಕವೊಂದೇ ನಿಚ್ಚಳವಾಗಿ ತೋರಿಸಬಲ್ಲದು. ಇದನ್ನು ವೃಕ್ಷದಲ್ಲಿ ಬರೆಯಲು ಹೊರಟರೆ ಒಂದೇ ಹೆಸರನ್ನು ಹಲವು ಕೊಂಬೆಗಳಲ್ಲಿ ಪುನಃ ಪುನಃ ಬರೆಯಬೇಕಾಗಿ ಬರುತ್ತದೆ. ಒಂದೆಡೆ ತಿದ್ದಿದುದು ಇನ್ನೊಂದೆಡೆ ತಿದ್ದದೆ ಉಳಿದು ದೋಷಕ್ಕೆ ಎಡೆಯಾಗುತ್ತದೆ.

ಆಧುನಿಕ ಕಾಲದಲ್ಲಿ ಈ ರೂಪಗಳಿಗೆ ಹೊಸ ಹೆಸರುಗಳು ಬಂದಿವೆ. ನಡುವೆ ಒಂದು ವಿಷಯವನ್ನು ಬರೆದು ಸುತ್ತಲೂ ಶಾಖೆಗಳನ್ನು ಹರಡುವ ಮೈಂಡ್ ಮ್ಯಾಪ್ ಎಂಬ ಕ್ರಮವನ್ನು 1970ರ ದಶಕದಲ್ಲಿ ಇಂಗ್ಲೆಂಡಿನ ಟೋನಿ ಬುಜಾನ್ ಜನಪ್ರಿಯಗೊಳಿಸಿದರು. ಅದು ವೃಕ್ಷದ ಒಂದು ಪ್ರಭೇದ. ಅದೇ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಕಾನ್ಸೆಪ್ಟ್ ಮ್ಯಾಪ್ ಜಾಲರೂಪದ್ದು. ಅದರಲ್ಲಿ ಪ್ರತಿಯೊಂದು ಗೆರೆಯ ಮೇಲೂ ಸಂಬಂಧವೇನೆಂದು ಶಬ್ದಗಳಲ್ಲಿ ಬರೆಯುವುದು ಕಡ್ಡಾಯ. ಪಂಡಿತರ ಕಾರ್ಯಕ್ಕೆ ಈ ನಿಯಮವೇ ಹೆಚ್ಚು ಉಪಯುಕ್ತವಾದುದು. ಎರಡು ವಸ್ತುಗಳನ್ನು ಬರಿಯ ಗೆರೆಯಿಂದ ಜೋಡಿಸುವುದು ಸುಲಭ. ಆ ಗೆರೆಯ ಅರ್ಥವನ್ನು ಬರೆಯಬೇಕಾದಾಗ ಊಹೆಗೂ ಪ್ರಮಾಣಕ್ಕೂ ಇರುವ ಅಂತರ ಗೋಚರಿಸತೊಡಗುತ್ತದೆ.

2. ಮಸ್ಕಿ ಪರಿಸರದ ನಿದರ್ಶನ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಒಂದೇ ಹೆದ್ದಾರಿಯ ಮೇಲಿರುವ ಊರುಗಳು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬ್ ಪ್ರದೇಶ ಮೌರ್ಯರಿಂದ ಮೊದಲ್ಗೊಂಡು ಅನೇಕ ರಾಜವಂಶಗಳ ಆಳ್ವಿಕೆಯನ್ನು ಕಂಡುದು. ಜೈನ ಮಹಾತೀರ್ಥವೆಂದು ಖ್ಯಾತವಾಗಿದ್ದ ಕೊಪಣವೂ, ಅಂದರೆ ಇಂದಿನ ಕೊಪ್ಪಳವೂ, 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದಿತು. ಈ ಪ್ರದೇಶದ ಆಕರಗಳನ್ನು ಹೊಂದಿಸಲು ತೊಡಗಿದವರಿಗೆ ಮೊದಲು ಎದುರಾಗುವ ಕಷ್ಟ ಲಿಪಿಯದಲ್ಲ, ಭಾಷೆಯದೂ ಅಲ್ಲ. ಸ್ಥಳನಾಮ ಮತ್ತು ಆಡಳಿತ ವಿಭಾಗಗಳದು.

ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಒಂದು ಜಿಲ್ಲೆಯ ಹೆಸರಾಗಿದ್ದಿತು. 1905ರಲ್ಲಿ ಆ ಜಿಲ್ಲೆ ರದ್ದಾಗಿ ಲಿಂಗಸುಗೂರು ರಾಯಚೂರು ಜಿಲ್ಲೆಯ ತಾಲ್ಲೂಕಾಯಿತು. 1956ರಲ್ಲಿ ಈ ಪ್ರದೇಶ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಬಹುಕಾಲ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ, 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ, ತಾನೇ ತಾಲ್ಲೂಕು ಕೇಂದ್ರವಾಯಿತು. ಹೀಗಾಗಿ 1900ರಲ್ಲಿ ಪ್ರಕಟವಾದ ಹೆನ್ರಿ ಕಸಿನ್ಸ್ ಅವರ ನಿಜಾಮ ಸಂಸ್ಥಾನದ ಪ್ರಾಚ್ಯಾವಶೇಷಗಳ ಪಟ್ಟಿ, ಹೈದರಾಬಾದಿನ ಪುರಾತತ್ವ ಮಾಲೆಯ ಸಂಪುಟಗಳು, ಈಚಿನ ಶಾಸನ ಸಂಪುಟಗಳು ಇವು ಒಂದೇ ಸ್ಥಳವನ್ನು ಭಿನ್ನ ಭಿನ್ನ ಶಿರೋನಾಮೆಗಳ ಅಡಿಯಲ್ಲಿ ಇಡುವ ಸಂಭವವಿದೆ. ಲಿಂಗಸುಗೂರು, ಲಿಂಗಸೂಗೂರು, ಲಿಂಗಸುಗುರು ಎಂಬ ಬರಹಭೇದಗಳು ಇದಕ್ಕೆ ಸೇರಿಕೊಳ್ಳುತ್ತವೆ. ಟಿಪ್ಪಣಿಗಳನ್ನು ಊರು ತಾಲ್ಲೂಕುಗಳ ವೃಕ್ಷವಾಗಿ ಮಾತ್ರ ಹೊಂದಿಸಿದಲ್ಲಿ ಒಂದು ಕಲ್ಲು ಎರಡು ಶಾಸನಗಳಾಗಿ ಎಣಿಕೆಗೆ ಬರುವುದು ಅಸಂಭವವೇನಲ್ಲ.

ಇದಕ್ಕೆ ಪರಿಹಾರವೆಂದರೆ ವಸ್ತುವನ್ನು ಅದರ ಹೆಸರಿನಿಂದ ಬೇರ್ಪಡಿಸುವುದು. ಪ್ರತಿಯೊಂದು ಶಾಸನಕ್ಕೂ ಪ್ರತಿಯೊಂದು ಓಲೆಯ ಕಟ್ಟಿಗೂ ಎಂದಿಗೂ ಬದಲಾಗದ ಒಂದು ಕ್ರಮಸಂಖ್ಯೆಯನ್ನು ಕೊಟ್ಟು, ಊರು, ತಾಲ್ಲೂಕು, ಜಿಲ್ಲೆ, ಪ್ರಕಟಣೆ ಇವುಗಳನ್ನು ಅದಕ್ಕೆ ತಗುಲಿದ ಬೇರೆ ಬಿಂದುಗಳನ್ನಾಗಿ ಬರೆಯಬೇಕು. ತಾಲ್ಲೂಕಿನ ಗೆರೆಯ ಮೇಲೆ 'ಇಂಥ ವರ್ಷದಿಂದ ಇಂಥ ವರ್ಷದವರೆಗೆ' ಎಂದು ಕಾಲವನ್ನು ನಮೂದಿಸಬೇಕು. ಆಗ ಆಡಳಿತ ವಿಭಾಗ ಎಷ್ಟು ಸಲ ಬದಲಾದರೂ ಶಾಸನದ ಬಿಂದು ಅಲುಗುವುದಿಲ್ಲ. ನಾಮ, ಸ್ಥಾಪನಾ, ದ್ರವ್ಯ, ಭಾವಗಳೆಂಬ ನಿಕ್ಷೇಪಚತುಷ್ಟಯವನ್ನು ಬಲ್ಲವರಿಗೆ ಹೆಸರೂ ಹೆಸರಿಸಲ್ಪಟ್ಟ ವಸ್ತುವೂ ಬೇರೆಂಬುದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ.

ಮಸ್ಕಿಯ ಅಶೋಕಶಾಸನದ ವಿಷಯವನ್ನೇ ತೆಗೆದುಕೊಳ್ಳಬಹುದು. 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಅವರಿಂದ ಬೆಳಕಿಗೆ ಬಂದ ಈ ಲಘುಶಿಲಾಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಪುಟವಾಗಿ ಪ್ರಕಟಿಸಿದರು. ದೇವಾನಾಂಪ್ರಿಯ ಪ್ರಿಯದರ್ಶಿಯೆಂದು ಶಾಸನಗಳಲ್ಲಿ ಹೇಳಲ್ಪಡುವ ಅರಸನು ಅಶೋಕನೇ ಎಂಬ ನಿರ್ಣಯ ಅದುವರೆಗೆ ಮುಖ್ಯವಾಗಿ ಸಿಂಹಳದ ಇತಿಹಾಸಗ್ರಂಥಗಳ ಆಧಾರದಿಂದ ಮಾಡಿದ ಅನುಮಾನವಾಗಿದ್ದಿತು. ಮಸ್ಕಿಯಲ್ಲಿ ಅಶೋಕನೆಂಬ ಹೆಸರೇ ದೊರೆತುದರಿಂದ ಅದು ಶಾಸನೋಕ್ತ ಪ್ರಮಾಣದಿಂದ ಸಿದ್ಧವಾಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಹಾಗೂ ಉದೇಗೊಳಗಳಲ್ಲಿಯೂ ಆ ಹೆಸರು ಕಂಡುಬಂದಿತು.

ರೇಖಾಚಿತ್ರದಲ್ಲಿ ಇದನ್ನು ಬರೆಯುವಾಗ 'ಪ್ರಿಯದರ್ಶಿ' ಮತ್ತು 'ಅಶೋಕ' ಎಂಬ ಬಿಂದುಗಳ ನಡುವೆ ಎರಡು ಪ್ರತ್ಯೇಕ ಸಂಬಂಧಗಳನ್ನು ಎಳೆಯಬೇಕಾಗುತ್ತದೆ. ಗ್ರಂಥಾಧಾರದ ಅನುಮಾನಕ್ಕೆ ಬಿಡಿ ಚುಕ್ಕೆಗಳ ಗೆರೆ, ಶಾಸನೋಕ್ತವಾದುದಕ್ಕೆ ಅಖಂಡವಾದ ಗೆರೆ. ಇದೇ ನಿಯಮವನ್ನು ಮಸ್ಕಿಯ ಮಧ್ಯಕಾಲೀನ ಹೆಸರಿಗೂ ಅನ್ವಯಿಸಬೇಕು. ಚಾಲುಕ್ಯರ ಕಾಲದ ಶಾಸನಗಳ ಮೊಸಂಗಿಯೇ ಇಂದಿನ ಮಸ್ಕಿಯೆಂಬುದು ಸ್ಥಳದಲ್ಲಿ ದೊರೆತ ಲೇಖಗಳಿಂದ ತಿಳಿಯುತ್ತದೆ. ಚೋಳ ರಾಜೇಂದ್ರನು ಚಾಲುಕ್ಯ ಜಯಸಿಂಹನೊಡನೆ ಹೋರಾಡಿದ ಮುಸಂಗಿಯೂ ಇದೇ ಎಂಬುದು ವಿದ್ವಾಂಸರು ಮಾಡಿದ ಸಮೀಕರಣ. ಅದಕ್ಕೆ ಭಿನ್ನವಾದ ಅಭಿಪ್ರಾಯವೂ ಉಂಟು. ಎರಡನ್ನೂ ಒಂದೇ ಬಗೆಯ ಗೆರೆಯಿಂದ ಬರೆದರೆ ಅಭಿಪ್ರಾಯವು ಪ್ರಮಾಣದ ವೇಷವನ್ನು ಧರಿಸುತ್ತದೆ. 1954ರಲ್ಲಿ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನದ ಸ್ತರಗಳನ್ನು ಮಾತ್ರ ಈ ಜಾಲದಲ್ಲಿ ಬೆರೆಸದೆ ಪ್ರತ್ಯೇಕ ಕೋಷ್ಟಕವಾಗಿ ಇರಿಸುವುದು ಯುಕ್ತ. ಸ್ತರಗಳ ಪೌರ್ವಾಪರ್ಯವು ಕ್ರಮಸ್ವರೂಪದ್ದಾಗಿ ಸಾಲುಗಳಿಗೆ ಸಹಜವಾಗಿಯೇ ಹೊಂದುತ್ತದೆ.

3. ಪ್ರತಿಗಳ ಸಂಬಂಧ: ಧವಲದ ಪಾಠ

ಹಸ್ತಪ್ರತಿಗಳ ವಂಶವೃಕ್ಷವನ್ನು ಬರೆಯುವ ಕ್ರಮ ಗ್ರಂಥಸಂಪಾದಕರಿಗೆ ಪರಿಚಿತವಾದುದು. ಇದರ ಪ್ರಯೋಜನವನ್ನು ಷಟ್ಖಂಡಾಗಮದ ಧವಲಾಟೀಕೆಯ ಮುದ್ರಣದ ಇತಿಹಾಸದಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಇನ್ನೊಂದು ಸಿಗಲಾರದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ತಾಡೋಲೆಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲೇಖನ ಆರಂಭವಾಯಿತು. ಆ ಕಾರ್ಯದಲ್ಲಿದ್ದ ಗಜಪತಿ ಶಾಸ್ತ್ರಿಗಳ ಕನ್ನಡ ಪ್ರತಿ ಸಹಾರನಪುರಕ್ಕೆ ಹೋಯಿತು. ಅಲ್ಲಿ ಅದು ನಾಗರಿಗೆ ಪರಿವರ್ತಿತವಾಗಿ, ಆ ಶಾಖೆಯಿಂದ ಉತ್ತರದ ಹಲವು ಭಂಡಾರಗಳಿಗೆ ಪ್ರತಿಗಳು ಹರಡಿದವು. ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದಾಗ ಆಧಾರವಾಗಿದ್ದುವು ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳು. ಮೂಲ ಓಲೆಗಳು ಅವರಿಗೆ ಆಗ ದೊರೆತಿರಲಿಲ್ಲ.

ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಸಂದರ್ಭದ ಬಲದಿಂದ ಆ ಪದ ಅಲ್ಲಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮನುಷ್ಯಿನಿಯರ ಗುಣಸ್ಥಾನಗಳಿಗೆ ಸಂಬಂಧಿಸಿದ ಈ ಒಂದು ಪದದ ಮೇಲೆ ಸಮಾಜದಲ್ಲಿ ತೀವ್ರವಾದ ವಾದವಿವಾದಗಳೇ ನಡೆದುವೆಂಬುದು ಸುವಿದಿತ. ಮೂರು ಪ್ರತಿಗಳೂ ಏಕಕಂಠದಿಂದ ಆ ಪದವನ್ನು ಬಿಟ್ಟಿರುವಾಗ ಅದನ್ನು ಸೇರಿಸುವುದು ಸಾಹಸವೆಂದು ತೋರುವುದು ಸಹಜ. ಆದರೆ ಪ್ರತಿಗಳ ಸಂಬಂಧವನ್ನು ಗೆರೆಗಳಲ್ಲಿ ಬರೆದು ನೋಡಿದೊಡನೆ ವಿಷಯ ಬೇರೆಯಾಗುತ್ತದೆ. ಮೂರೂ ಒಂದೇ ಶಾಖೆಗೆ ಸೇರಿದುವು. ಆದ್ದರಿಂದ ಅವು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಮೂರು ಪ್ರತಿಧ್ವನಿಗಳು. ಅವುಗಳ ಒಮ್ಮತ ತಿಳಿಸುವುದು ಆ ಶಾಖೆಯ ಮೂಲಪ್ರತಿಯಲ್ಲಿ ಪದವಿರಲಿಲ್ಲವೆಂಬುದನ್ನು ಮಾತ್ರ, ತಾಡೋಲೆಯಲ್ಲಿ ಇರಲಿಲ್ಲವೆಂಬುದನ್ನಲ್ಲ. ಅನಂತರ ಮೂಡುಬಿದಿರೆಯ ತಾಡೋಲೆಯೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿರುವುದು ದೃಢಪಟ್ಟಿತು.

ಸಾಕ್ಷಿಗಳನ್ನು ಪಟ್ಟಿಯಾಗಿ ಬರೆದರೆ ಮೂರೆಂದು ಎಣಿಕೆಯಾಗುವುದು, ರೇಖೆಯಾಗಿ ಬರೆದರೆ ಒಂದೆಂದು ಕಾಣುವುದು ಇಲ್ಲಿ ಗಮನಾರ್ಹ. ವೃಕ್ಷವೂ ಎಲ್ಲೆಡೆ ಸಾಲದು. ಒಬ್ಬ ಲಿಪಿಕಾರನು ಎರಡು ಪ್ರತಿಗಳನ್ನು ಮುಂದಿರಿಸಿಕೊಂಡು ಬರೆದಿದ್ದರೆ, ಅಥವಾ ತಿದ್ದುಪಡಿಗಳನ್ನು ಬೇರೊಂದು ಪ್ರತಿಯಿಂದ ತೆಗೆದುಕೊಂಡಿದ್ದರೆ, ಆ ಪ್ರತಿಗೆ ಇಬ್ಬರು ಜನಕರಿರುತ್ತಾರೆ. ಒಬ್ಬನೇ ಜನಕನನ್ನು ಒಪ್ಪುವ ತಂತ್ರಾಂಶ ಅಂತಹ ಸಾಂಕರ್ಯವನ್ನು ಮರೆಮಾಚುತ್ತದೆ. ಅಲ್ಲಿ ಜಾಲರೂಪವೇ ಶರಣ್ಯ.

4. ತಂತ್ರಾಂಶಗಳ ಗುಣಾವಗುಣಗಳು

ಮೇಲಿನ ವಿವೇಚನೆಯ ಬೆಳಕಿನಲ್ಲಿ, ಹಣ ಕೊಡದೆ ದೊರೆಯುವ ಮತ್ತು ಅಂತರಜಾಲದ ಸಂಪರ್ಕವಿಲ್ಲದೆಯೂ ನಡೆಯುವ ಕೆಲವನ್ನು ಪರಿಶೀಲಿಸಬಹುದು. ಹಳ್ಳಿಯ ಬಸದಿಯಲ್ಲಿಯೋ ಬಯಲಿನ ಕಲ್ಲಿನ ಬಳಿಯೋ ಕೆಲಸ ಮಾಡುವವರಿಗೆ ಈ ಎರಡನೆಯ ಗುಣ ಅತ್ಯವಶ್ಯ.

ಫ್ರೀಪ್ಲೇನ್ ಎಂಬುದು ಫ್ರೀಮೈಂಡ್ ಎಂಬ ಹಿಂದಿನ ತಂತ್ರಾಂಶದಿಂದ ಬೆಳೆದು ಬಂದ ಮುಕ್ತ ತಂತ್ರಾಂಶ. ವೃಕ್ಷರಚನೆಗೆ ಇದು ಅತ್ಯಂತ ಅನುಕೂಲವಾದುದು. ಕೀಲಿಮಣೆಯಿಂದಲೇ ಶಾಖೆಗಳನ್ನು ಬೆಳೆಸಬಹುದು, ಬೇಡವಾದಾಗ ಮಡಚಿಡಬಹುದು. ಕರ್ಮಪ್ರಕೃತಿಗಳ ವಿಭಾಗ, ಗ್ರಂಥದ ಅಧಿಕಾರಗಳ ವಿಷಯಾನುಕ್ರಮ, ಲೇಖನದ ಮುನ್ನೋಟ ಇವಕ್ಕೆ ಇದು ಸಾಕು. ಶಾಖೆಗಳ ನಡುವೆ ಅಡ್ಡ ಬಾಣಗಳನ್ನು ಎಳೆಯಲು ಅವಕಾಶವಿದ್ದರೂ ಅವು ಹೆಚ್ಚಾದಂತೆ ಚಿತ್ರ ಗೋಜಲಾಗುತ್ತದೆ.

ಸಿ-ಮ್ಯಾಪ್ ಟೂಲ್ಸ್ ನೊವಾಕ್ ಅವರ ಕ್ರಮವನ್ನು ಅನುಸರಿಸಿ ಫ್ಲಾರಿಡಾದ ಸಂಶೋಧನ ಸಂಸ್ಥೆಯೊಂದು ರೂಪಿಸಿದುದು. ಎರಡು ಬಿಂದುಗಳನ್ನು ಜೋಡಿಸಿದೊಡನೆ ನಡುವೆ ಸಂಬಂಧಸೂಚಕ ಶಬ್ದಕ್ಕೆ ಅದು ಸ್ಥಳ ಬಿಡುತ್ತದೆ. ಶಾಸನ, ಸ್ಥಳ, ಅರಸ, ಪ್ರಕಟಣೆ ಇವುಗಳ ಸಂಬಂಧಗಳಿಗೆ, ಅಂದರೆ ಮಸ್ಕಿಯಂತಹ ನಿದರ್ಶನಗಳಿಗೆ, ಇದು ಹೊಂದುತ್ತದೆ.

ಗ್ರಾಫ್‌ವಿಜ್ ಬೇರೆ ಬಗೆಯದು. ಅದರಲ್ಲಿ ಕೈಯಿಂದ ಚಿತ್ರ ಬರೆಯುವುದಿಲ್ಲ. 'ಇದರಿಂದ ಅದು' ಎಂದು ಒಂದೊಂದು ಸಾಲಾಗಿ ಬರೆದುಕೊಟ್ಟರೆ ಚಿತ್ರವನ್ನು ಅದೇ ರಚಿಸುತ್ತದೆ. ಒಂದು ಪ್ರತಿಗೆ ಎಷ್ಟು ಜನಕರನ್ನಾದರೂ ಹೇಳಬಹುದಾದುದರಿಂದ ಪ್ರತಿಗಳ ಸಂಬಂಧಚಿತ್ರಕ್ಕೆ ಇದು ಬಹಳ ಯೋಗ್ಯ. ಮೊದಲ ಪರಿಚಯದಲ್ಲಿ ಕಠಿನವೆನಿಸಿದರೂ ಕಡತ ಬರಿಯ ಪಠ್ಯವಾಗಿರುವುದು ಇದರ ದೊಡ್ಡ ಲಾಭ. ಡ್ರಾ ಐಓ, ಲಿಬ್ರೆ ಆಫೀಸ್ ಡ್ರಾ ಮುಂತಾದುವು ಆಕೃತಿಗಳನ್ನು ಬೇಕಾದೆಡೆ ಇಟ್ಟು ಜೋಡಿಸಲು ಅನುಕೂಲ. ಯಂತ್ರ ಮಂಡಲಗಳಿಗೆ, ಮುದ್ರಣಕ್ಕೆ ಬೇಕಾದ ಅಚ್ಚುಕಟ್ಟಾದ ಚಿತ್ರಗಳಿಗೆ ಅವನ್ನು ಬಳಸಬಹುದು. ಗುಣಸ್ಥಾನಗಳಂತಹ ಕೋಷ್ಟಕಗಳಿಗೆ ಲಿಬ್ರೆ ಆಫೀಸ್ ಕ್ಯಾಲ್ಕ್‌ನಂತಹ ಲೆಕ್ಕಪಟ್ಟಿಯೇ ಸಾಕು. ಅಲ್ಲಿ ಚಿತ್ರತಂತ್ರಾಂಶವನ್ನು ಬಳಸುವುದು ವ್ಯರ್ಥಶ್ರಮ.

5. ಕನ್ನಡ ಲಿಪಿಯ ಪ್ರಶ್ನೆ

ತಂತ್ರಾಂಶ ಎಷ್ಟೇ ಉತ್ತಮವಾಗಿದ್ದರೂ ಕನ್ನಡ ಅಕ್ಷರಗಳನ್ನು ಸರಿಯಾಗಿ ತೋರಿಸದಿದ್ದರೆ ಪ್ರಯೋಜನವಿಲ್ಲ. ನುಡಿ, ಬರಹಗಳ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚಿಸಿದ ಬರಹದ ಬಹುಭಾಗ ಯೂನಿಕೋಡ್ ಅಲ್ಲ. ಅಲ್ಲಿ ಕಡತದೊಳಗೆ ಇರುವುದು ರೋಮನ್ ಸಂಕೇತಗಳು. ಅಕ್ಷರಶೈಲಿಯಿಂದ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಅಂತಹ ಬರಹವನ್ನು ಈ ತಂತ್ರಾಂಶಗಳಿಗೆ ತಂದರೆ ಅರ್ಥಹೀನ ಚಿಹ್ನೆಗಳು ಗೋಚರಿಸುತ್ತವೆ, ಹುಡುಕಲೂ ಆಗುವುದಿಲ್ಲ. ಆದ್ದರಿಂದ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡು, ಪರಿವರ್ತನೆಯಲ್ಲಿ ಒತ್ತಕ್ಷರ ಅರ್ಕಾವತ್ತುಗಳು ಕೆಟ್ಟಿವೆಯೇ ಎಂದು ಪರಿಶೀಲಿಸಬೇಕು.

ಹಳಗನ್ನಡದ ಱ ೞ ಅಕ್ಷರಗಳು ಯೂನಿಕೋಡಿನಲ್ಲಿ ಇವೆ. ೞ ಅಕ್ಷರಕ್ಕೆ ಅಲ್ಲಿ 'ಫಾ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ. ಹುಡುಕುವವರು ಇದನ್ನು ತಿಳಿದಿರುವುದು ಒಳ್ಳೆಯದು. ಹೊಸ ತಂತ್ರಾಂಶವನ್ನು ಪರೀಕ್ಷಿಸಲು ಜ್ಞಾನಾವರಣೀಯ, ದರ್ಶನಾವರಣೀಯ, ಸಮ್ಯಕ್ತ್ವ, ಕ್ಷೇತ್ರ, ಏೞು ಎಂಬ ಐದು ಶಬ್ದಗಳನ್ನು ಬರೆದು, ಕಡತವನ್ನು ಮುಚ್ಚಿ ತೆರೆದು, ಅನಂತರ ಪಿಡಿಎಫ್ ಆಗಿ ಹೊರತೆಗೆದು ನೋಡಿದರೆ ಸಾಕು. ಈ ಮೂರು ಹಂತಗಳಲ್ಲಿಯೂ ಅಕ್ಷರಗಳು ಕೆಡದಿದ್ದರೆ ಅದು ಬಳಕೆಗೆ ಯೋಗ್ಯ.

6. ರಕ್ಷಣೆಯ ಕರ್ತವ್ಯ

ತಾಡೋಲೆಗೆ ಹುಳು, ತೇವ, ಬೆಂಕಿಗಳು ಶತ್ರುಗಳಾದಂತೆ ಗಣಕದ ಕಡತಕ್ಕೆ ಮುಚ್ಚಿದ ರೂಪಗಳು ಶತ್ರು. ಒಂದೇ ತಂತ್ರಾಂಶ ಮಾತ್ರ ಓದಬಲ್ಲ ರೂಪದಲ್ಲಿ ಬರೆದಿಟ್ಟ ಟಿಪ್ಪಣಿ, ಆ ತಂತ್ರಾಂಶ ನಿಂತುಹೋದೊಡನೆ ಮೌನವಾಗುತ್ತದೆ. ಸುಸ್ಥಿತಿಯಲ್ಲಿರುವ ಓಲೆಯನ್ನು ಐದು ಶತಮಾನಗಳ ತರುವಾಯವೂ ಕಣ್ಣಿನಿಂದಲೇ ಓದಬಹುದು. ಕಡತಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಪ್ರತಿಯೊಂದು ರೇಖಾಚಿತ್ರವನ್ನೂ ಮೂರು ರೂಪಗಳಲ್ಲಿ ಇಡುವುದು ಕ್ಷೇಮ: ತಿದ್ದಲು ಮೂಲ ಕಡತ, ನೋಡಲು ಪಿಡಿಎಫ್, ಮತ್ತು ಬಿಂದುಗಳನ್ನೂ ಸಂಬಂಧಗಳನ್ನೂ ಸಾಲುಸಾಲಾಗಿ ಬರೆದ ಸರಳ ಪಠ್ಯ. ಜೊತೆಗೆ ದಿನಾಂಕ, ರಚಿಸಿದವರ ಹೆಸರು, ಗೆರೆಗಳ ಸಂಕೇತಗಳ ವಿವರಣೆ ಇರುವ ಕಾಗದದ ಪ್ರತಿಯೊಂದನ್ನು ಭಂಡಾರದ ಸೂಚಿಯೊಡನೆ ಸೇರಿಸಿಡಬೇಕು. 1948ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳು ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರೀಯ ಗ್ರಂಥಗಳ ಸೂಚಿ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು ಅದು ಯಾವ ಯಂತ್ರವನ್ನೂ ಅವಲಂಬಿಸದೆ ಓದಿಗೆ ದೊರೆಯುವುದರಿಂದಲೇ.

ಒಟ್ಟಿನಲ್ಲಿ, ವಿಭಾಗವನ್ನು ಹೇಳಬೇಕಾದಲ್ಲಿ ವೃಕ್ಷ, ಎರಡು ಕ್ರಮಗಳು ಸೇರುವಲ್ಲಿ ಕೋಷ್ಟಕ, ಸಾಕ್ಷಿಗಳ ಸಂಬಂಧವನ್ನು ತೂಗಬೇಕಾದಲ್ಲಿ ಜಾಲ ಎಂದು ಮೊದಲು ನಿರ್ಧರಿಸಿ ಆ ಬಳಿಕ ತಂತ್ರಾಂಶಕ್ಕೆ ಕೈಹಾಕುವುದು ಉಚಿತ. ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳ ಆಕರಗಳನ್ನು ಈ ಕ್ರಮದಲ್ಲಿ, ಸ್ಥಿರವಾದ ಕ್ರಮಸಂಖ್ಯೆಗಳೊಡನೆ, ಹೊಂದಿಸುವ ಕಾರ್ಯವನ್ನು ಸ್ಥಳೀಯ ವಿದ್ವಾಂಸರು ಕೈಕೊಂಡಲ್ಲಿ ಕೊಪಣದ ಆಕರಗಳೊಡನೆ ಅವುಗಳಿಗಿರುವ ಸಂಬಂಧವನ್ನು ಪರಿಶೀಲಿಸಲು ಭದ್ರವಾದ ತಳಹದಿ ದೊರೆಯುವುದು.